ಕಂಬದ ಹತ್ತಿರದ ಮೂರು ಮಾತು

ಮೆಲ್ಲಕ್ಕ ಅಂತ ಅವಳಿಗೆ ಹೆಸರು ಬಿದ್ದದ್ದು ನಡಿಗೆಯಿಂದ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳುವ ಕೆಲಸ ಅವಳದು. ನಡೆಯಲಾರದವರನ್ನು ಒಂದು ವಿಮಾನದ ಬಾಗಿಲಿನಿಂದ ಇನ್ನೊಂದು ವಿಮಾನದ ಬಾಗಿಲಿಗೆ ಮುಟ್ಟಿಸಬೇಕು. ಉಳಿದವರು ದಡಬಡ ಓಡುತ್ತಿದ್ದರೆ ಇವಳು ತುಂಬಿದ ಕೊಡ ಹೊತ್ತವಳ ಹಾಗೆ ಹೋಗುತ್ತಿದ್ದಳು. ಆದರೂ ಹೊತ್ತಿಗೆ ಮುಟ್ಟುತ್ತಿದ್ದಳು. ಅದು ಹೇಗೆ ಅಂತ ಕೇಳಿದರೆ, "ಓಡೋರು ದಾರಿ ತಪ್ಪಿ ವಾಪಸ್ ಬರ್ತಾರೆ. ನಾನು ತಪ್ಪಲ್ಲ, ಅಷ್ಟೇ" ಅನ್ನುವಳು.

ಅವಳು ಕೆಲಸಕ್ಕೆ ಸೇರಿದಾಗ ಆ ಕಂಪನಿಗೆ ವಿಮಾನಗಳೇ ಕಡಿಮೆ. ಬೆಳಗ್ಗೆ ಒಂದು ಬಂತು, ಒಂದು ಹೋಯಿತು. ಊಟದ ಹೊತ್ತಿಗೆ ಇನ್ನೊಂದು. ಸಂಜೆ ಮತ್ತೊಂದು. ನಿಲ್ದಾಣ ಅಂದರೆ ಒಂದು ದೊಡ್ಡ ಹಜಾರ, ಅದರ ಕೊನೆಗೆ ಕಾಫಿ ಮೆಷಿನ್ನು. ಕುರ್ಚಿಯಲ್ಲಿ ಕೂತವರನ್ನು ಅವಳು ಬಾಗಿಲಿಂದ ಬಾಗಿಲಿಗೆ ತಾನೇ ತಳ್ಳಿಕೊಂಡು ಹೋಗಿ, ವಿಮಾನ ಹೊರಡುವವರೆಗೂ ಪಕ್ಕದಲ್ಲೇ ಕೂತು ಅವರ ಮನೆ ಕತೆ ಕೇಳುತ್ತಿದ್ದಳು. ಯಾರ ಸೊಸೆ ಯಾರ ಜೊತೆ ಜಗಳ ಆಡಿದಳು, ಯಾರ ಅಳಿಯನಿಗೆ ಬುದ್ಧಿ ಸಾಲದು, ಎಲ್ಲ ಅವಳಿಗೆ ಗೊತ್ತು. ಗಂಡ ಅದೇ ಕಂಪನಿಯಲ್ಲಿ ಪೆಟ್ಟಿಗೆ ಏರಿಸಿ ಇಳಿಸುವ ಕೆಲಸ ಮಾಡುತ್ತಿದ್ದ. "ನಾನು ಎತ್ತೋದು ಮಾತಾಡಲ್ಲ, ನೀನು ತಳ್ಳೋದು ಬಾಯಿ ಮುಚ್ಚಲ್ಲ" ಅಂತ ಅವನು ನಗಾಡುತ್ತಿದ್ದ.

ಆಮೇಲೆ ಕಂಪನಿ ಬೆಳೆಯಿತು. ಮೇಲಿನವರು ಒಂದು ಹೊಸ ಲೆಕ್ಕ ತಂದರು. ಎಲ್ಲಾ ದಿಕ್ಕಿನಿಂದಲೂ ವಿಮಾನಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಇಲ್ಲಿಗೆ ಬರಬೇಕು, ಒಂದರ ಪಕ್ಕ ಒಂದು ನಿಲ್ಲಬೇಕು. ಜನ ಅದರಿಂದ ಇಳಿದು ಇದಕ್ಕೆ ಹತ್ತಬೇಕು. ಮತ್ತೆ ಎಲ್ಲವೂ ಒಟ್ಟಿಗೆ ಎದ್ದು ಹೋಗಬೇಕು. ಸಂತೆಗೆ ಗಾಡಿಗಳು ಬಂದು ಸಾಮಾನು ಬದಲಾಯಿಸಿಕೊಂಡು ಹೋದ ಹಾಗೆ. ಹಾಗೆ ಮಾಡಿದರೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಜನ ಹೆಚ್ಚು ಕಾಯದೆ ಹೋಗಬಹುದು. ಲೆಕ್ಕ ಒಳ್ಳೆಯದೇ. ಹಜಾರಕ್ಕೆ ಎಡಕ್ಕೂ ಬಲಕ್ಕೂ ಎರಡು ಉದ್ದನೆಯ ತೋಳು ಕಟ್ಟಿಸಿದರು. ಆ ತೋಳುಗಳು ಕೂಡುವಲ್ಲಿ ಒಂದು ದಪ್ಪ ಕಂಬ, ಕಂಬದ ಬುಡದಲ್ಲಿ ಕುಡಿಯುವ ನೀರಿನ ನಲ್ಲಿ.

ಒಟ್ಟಿಗೆ ನುಗ್ಗುವ ಈ ಜನಕ್ಕೆ ಕೆಲಸದವರು ನೆರೆ ಅಂತ ಹೆಸರಿಟ್ಟರು. ಬೆಳಗಿನ ನೆರೆ, ಮಧ್ಯಾಹ್ನದ ನೆರೆ, ಸಂಜೆಯ ನೆರೆ. ನೆರೆ ಬಂತೆಂದರೆ ಹಾಲು ಉಕ್ಕಿದ ಹಾಗೆ, ಯಾವ ಕಡೆ ಬಟ್ಟೆ ಹಾಕಿ ಹಿಡಿಯಬೇಕೋ ತಿಳಿಯದು. ಇಳಿಯಿತೆಂದರೆ ನೆಂಟರು ಹೋದ ಮನೆಯ ಹಾಗೆ ಬರೀ ಕಸ, ಬಿಕೋ ಅನ್ನುವ ಕುರ್ಚಿಗಳು, ಯಾರೋ ಬಿಟ್ಟುಹೋದ ಒಂದು ಚಪ್ಪಲಿ. ಕೆಲಸದವರ ಪಾಳಿಯೂ ನೆರೆಯ ಹಾಗೇ ಮುರಿಯಿತು. ಬೆಳಗ್ಗೆ ಅಷ್ಟು, ಸಂಜೆ ಅಷ್ಟು, ನಡುವೆ ಮನೆಗೆ ಹೋಗಲೂ ಆಗದ, ನಿಲ್ಲಲೂ ಆಗದ ಹೊತ್ತು.

ಅತ್ತೆಗೆ ಪಾರ್ಶ್ವವಾಯು ಹೊಡೆದದ್ದು ಆ ವರ್ಷವೇ. ಬಲಗಡೆ ಪೂರ್ತಿ ಬಿದ್ದುಹೋಯಿತು. ಮಾತು ಅರ್ಧ ಬರುತ್ತಿತ್ತು. ಮೆಲ್ಲಕ್ಕ ಬೆಳಗಿನ ನೆರೆಗೆ ಹೊರಡುವ ಮೊದಲು ಅತ್ತೆಯ ಮೈ ಒರೆಸಿ, ಎಡಗೆನ್ನೆಗೆ ತುತ್ತು ಇಟ್ಟು ನುಂಗಿಸಿ, ಪಕ್ಕದ ಮನೆಯವಳಿಗೆ ನೋಡಿಕೋ ಅಂತ ಹೇಳಿ ಹೋಗುವಳು. ಬಲಗೆನ್ನೆಗೆ ಇಟ್ಟರೆ ತುತ್ತು ಅಲ್ಲೇ ಕೂತು ಆಮೇಲೆ ಉಸಿರಿನ ದಾರಿಗೆ ಇಳಿಯುತ್ತಿತ್ತು. ಅದನ್ನು ಅವಳು ನೋಡಿ ನೋಡಿ ಕಲಿತಿದ್ದಳು.

ಒಂದು ದಿನ ನಾದಿನಿ, ಅಂದರೆ ಗಂಡನ ತಂಗಿ, ಅಮ್ಮನನ್ನು ನೋಡಲು ಬಂದಳು. ಪಕ್ಕದ ಮನೆಯವಳು ಆಗಷ್ಟೇ ಅಂಗಡಿಗೆ ಹೋಗಿದ್ದಳು. ಅಮ್ಮ ಒದ್ದೆ ಹಾಸಿಗೆಯಲ್ಲಿ ಒಬ್ಬಳೇ ಮಲಗಿದ್ದಳು. ಮಗಳು ಮೈ ಒರೆಸಿ ಬಟ್ಟೆ ಬದಲಾಯಿಸಿದಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಬಾಡಿಗೆ ಕಾರು ಕರೆಸಿ ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಮೆಲ್ಲಕ್ಕ ಮನೆಗೆ ಬಂದಾಗ ಮಂಚ ಖಾಲಿ. ಸಮವಸ್ತ್ರದಲ್ಲೇ ನಾದಿನಿಯ ಮನೆ ಬಾಗಿಲಿಗೆ ಹೋದಳು.

"ನಿಮಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸೋಕೆ ಬೇರೆಯವರ ಅಮ್ಮಂದಿರು ಇದಾರಲ್ಲ. ನನ್ನ ಅಮ್ಮನ್ನ ನಾನು ನೋಡ್ಕೋತೀನಿ" ಅಂದಳು ನಾದಿನಿ, ಬಾಗಿಲಿಗೆ ಅಡ್ಡ ನಿಂತು.

"ಒಳಗೆ ಬಿಡಬೇಡ, ಪರವಾಗಿಲ್ಲ. ತುತ್ತು ಇಡೋವಾಗ..." ಅನ್ನುವಷ್ಟರಲ್ಲಿ ಬಾಗಿಲು ಮುಚ್ಚಿತು.

ಅತ್ತೆ ಬಹಳ ದಿನ ಉಳಿಯಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಹೋದಳು. ಆಹಾರ ಉಸಿರಿನ ದಾರಿಗೆ ಇಳಿದಿದೆ, ಯಾವ ಕಡೆ ತಿನ್ನಿಸುತ್ತಿದ್ದಿರಿ ಅಂತ ಡಾಕ್ಟರು ಮಗಳನ್ನೇ ಕೇಳಿದರಂತೆ. ಆ ಮಾತು ಮೆಲ್ಲಕ್ಕನ ಕಿವಿಗೂ ಬಿತ್ತು. ಅವಳು ಅದನ್ನು ಎತ್ತಿ ಆಡಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನೆಂಟರ ಮನೆ ಮನೆಗೂ ಹಂಚಿ ಬರುತ್ತಿದ್ದರು. ಆದರೆ ಅತ್ತಿಗೆ ನಾದಿನಿಯರ ನಡುವೆ ಮಾತು ಅಂದಿನಿಂದ ನಿಂತಿತು. ಮುತ್ತು ಒಡೆದ ಹಾಗೆ, ಜೋಡಿಸುವವರು ಇಲ್ಲ.

ಮೂರು ಮಾತಿನ ಪದ್ಧತಿ ಹುಟ್ಟಿದ್ದು ಅದರ ಮುಂದಿನ ತಿಂಗಳುಗಳಲ್ಲಿ. ಒಂದು ತೋಳಿನ ತುದಿಯಿಂದ ಇನ್ನೊಂದರ ತುದಿಗೆ ಒಬ್ಬಳೇ ತಳ್ಳಿ, ಖಾಲಿ ಕುರ್ಚಿ ವಾಪಸು ತರುವಷ್ಟರಲ್ಲಿ ನೆರೆ ಅರ್ಧ ಇಳಿದಿರುತ್ತಿತ್ತು. ಮೆಲ್ಲಕ್ಕ ಸೂಪರ್‌ವೈಸರಿಗೆ ಹೇಳಿದಳು: "ಎಡ ತೋಳಿನವರು ಕಂಬದ ತನಕ ತರಲಿ. ಬಲ ತೋಳಿನವರು ಅಲ್ಲಿಂದ ತಗೊಳ್ಳಲಿ. ತುಂಬಿದ ಕುರ್ಚಿ ಕೊಟ್ಟು ಖಾಲಿ ಕುರ್ಚಿ ಇಸ್ಕೊಂಡು ತಿರುಗಲಿ." ಸೂಪರ್‌ವೈಸರ್ ಒಪ್ಪಿದ. ಅವಳು ಅದಕ್ಕೊಂದು ಕಟ್ಟು ಹಾಕಿದಳು. ಮನುಷ್ಯರನ್ನು ಪೆಟ್ಟಿಗೆ ಕೊಟ್ಟ ಹಾಗೆ ಕೊಡಬಾರದು. ಕೊಡುವವರು ಮೂರು ಮಾತು ಹೇಳಿ ಕೊಡಬೇಕು. ಎಲ್ಲಿ ನೋವು ಅಂತ ಒಂದು. ಹೇಗೆ ಮಾತಾಡಿಸಬೇಕು ಅಂತ ಒಂದು. ಯಾರ ಹತ್ತಿರ ಹೊರಟವರು ಅಂತ ಒಂದು.

"ಮೂರನೇದು ಯಾಕಕ್ಕಾ? ಯಾರ ಹತ್ರ ಹೋದ್ರೆ ನಮಗೇನು?" ಅಂತ ಒಬ್ಬ ಹೊಸ ಹುಡುಗಿ ಕೇಳಿದಳು.

"ಕುರ್ಚಿಲಿ ಕೂತೋರು ಹೆದರಿದ್ರೆ ಆ ಹೆಸರು ಹೇಳು. ನೆಟ್ಟಗೆ ಕೂತ್ಕೋತಾರೆ" ಅಂದಳು ಮೆಲ್ಲಕ್ಕ.

ಹೌದು, ಹಾಗೇ ಆಗುತ್ತಿತ್ತು. ಬಾಯಿಂದ ಬಾಯಿಗೆ ಹರಡಿ ಪದ್ಧತಿ ಬೇರೂರಿತು.

ಎರಡು ವರ್ಷ ಕಳೆಯಿತು. ನಾದಿನಿಯ ಗಂಡನ ಅಂಗಡಿ ಮುಚ್ಚಿತು. ಅಣ್ಣನನ್ನು ಕೇಳಿದಳು, ಅಣ್ಣ ನಿಲ್ದಾಣದಲ್ಲಿ ಕೇಳಿದ, ಕುರ್ಚಿ ತಳ್ಳುವ ಕೆಲಸವೇ ಸಿಕ್ಕಿತು. ಅವಳು ತಳ್ಳಿದರೆ ಗಾಳಿ. ಹಾಗಾಗಿ ಅವಳ ಹೆಸರು ಗಾಳಿ ಅಂತಲೇ ಆಯಿತು. ಗಾಳಿಯನ್ನು ಎಡ ತೋಳಿಗೆ ಹಾಕಿದರು. ಮೆಲ್ಲಕ್ಕ ಬಲ ತೋಳು. ಕಂಬದ ಹತ್ತಿರ ದಿನಕ್ಕೆ ಎಷ್ಟೋ ಸಲ ಎದುರು ಬದುರು.

ಮನೆಯಲ್ಲಿ ಇಬ್ಬರಿಗೂ ಮಾತಿಲ್ಲ. ಹಬ್ಬ ಹುಣ್ಣಿಮೆಗೂ ಇಲ್ಲ, ಹುಷಾರಿಲ್ಲದಾಗಲೂ ಇಲ್ಲ. ಕಂಬದ ಹತ್ತಿರ ಮಾತ್ರ ಆಡಲೇಬೇಕು. ಗಾಳಿ ಬಂದು ಕಾಲಿನಿಂದ ಬ್ರೇಕು ಒತ್ತುವಳು. ಕಣ್ಣು ನೆಲದ ಮೇಲೆ. "ಬಲ ಮೊಣಕಾಲು. ಜೋರಾಗಿ ಮಾತಾಡ್ಬೇಕು. ತಂಗಿ ಹತ್ರ ಹೊರಟಿದಾರೆ." ಖಾಲಿ ಕುರ್ಚಿ ಎಳೆದುಕೊಂಡು ತಿರುಗುವಳು. ಮೆಲ್ಲಕ್ಕ ಆ ಕಡೆಯಿಂದ ತಂದಾಗ ಅವಳೂ ಅಷ್ಟೇ. "ಸೊಂಟ. ಮೆಲ್ಲಗೆ ಎಬ್ಬಿಸು. ಮಗನ ಹತ್ರ." ಅತ್ತಿಗೆ ಅನ್ನುವ ಪದ ಇಲ್ಲ, ಮುಖ ನೋಡುವುದಿಲ್ಲ. ವರ್ಷಗಟ್ಟಲೆ ಅವರಿಬ್ಬರು ಆಡಿದ್ದು ಬೇರೆಯವರ ಮೊಣಕಾಲು, ಬೇರೆಯವರ ಕಿವಿ, ಬೇರೆಯವರ ತಂಗಿ.

ನಡುವೆ ಸಿಕ್ಕಿಕೊಂಡವನು ಅಣ್ಣ. "ನಾನು ಎರಡು ಗಾಲಿ ನಡುವಿನ ಅಚ್ಚು. ಇಬ್ಬರೂ ತಿರುಗ್ತಾರೆ, ಸವೆಯೋದು ನಾನು" ಅನ್ನುತ್ತಿದ್ದ. ಆದರೂ ಒಂದು ಧೈರ್ಯ ಅವನಿಗಿತ್ತು. ದಿನಾ ಮೂರು ಮಾತು ನಡೆಯುತ್ತಿದೆಯಲ್ಲ, ಬಾಗಿಲಿಗೆ ಪೂರ್ತಿ ಅಗಳಿ ಬಿದ್ದಿಲ್ಲ. ಮೆಲ್ಲಕ್ಕನಿಗೂ ಒಳಗೊಳಗೇ ಅಷ್ಟೇ ಇತ್ತು. ನಾದಿನಿಗೆ ರಜೆ ಇದ್ದ ದಿನ ಕಂಬದ ಹತ್ತಿರ ಅವಳಿಗೆ ಏನೋ ಕಳೆದುಕೊಂಡ ಹಾಗಾಗುತ್ತಿತ್ತು. ಹೇಳಿಕೊಳ್ಳುವ ಹೆಂಗಸಲ್ಲ.

ವೇಳಾಪಟ್ಟಿ ಒಂದೇ ಹಾಗೆ ಯಾವತ್ತೂ ಇರಲಿಲ್ಲ. ಬೇಸಿಗೆಗೊಂದು, ಚಳಿಗೆ ಇನ್ನೊಂದು. ಹೊಸ ಊರು ಸೇರುವುದು, ಹಳೆಯದು ಬಿಡುವುದು. ಆದರೆ ನೆರೆ ನೆರೆಯಾಗಿಯೇ ಇತ್ತು. ಆಮೇಲೆ ಕಂಪನಿಗೆ ನಷ್ಟದ ಕಾಲ ಬಂತು. ಮೇಲಿನವರು ಮತ್ತೆ ಲೆಕ್ಕಕ್ಕೆ ಕೂತರು. ಎಲ್ಲಾ ವಿಮಾನ ಒಟ್ಟಿಗೆ ಬಂದರೆ ಅಷ್ಟು ಬಾಗಿಲು ಬೇಕು, ಅಷ್ಟು ಆಳು ಬೇಕು. ಆಮೇಲೆ ಅಷ್ಟೂ ಬಾಗಿಲು, ಅಷ್ಟೂ ಆಳು ಸುಮ್ಮನೆ ಕೂತಿರುತ್ತದೆ. ಒಂದು ವಿಮಾನ ಇನ್ನೊಂದಕ್ಕಾಗಿ ನೆಲದ ಮೇಲೆ ಕಾಯುತ್ತಾ ಇರುತ್ತದೆ. ಅದರ ಬದಲು ದಿನವಿಡೀ ಒಂದೊಂದಾಗಿ ಬರಲಿ, ಒಂದೊಂದಾಗಿ ಹೋಗಲಿ. ಜನ ಸ್ವಲ್ಪ ಹೆಚ್ಚು ಕಾಯುತ್ತಾರೆ, ಕಾಯಲಿ. ಇದೂ ಸುಳ್ಳು ಲೆಕ್ಕವಲ್ಲ. ಮನೆ ನಡೆಸಿದವರಿಗೆ ಗೊತ್ತು, ಒಲೆ ಎಲ್ಲಾ ಒಟ್ಟಿಗೆ ಹೊತ್ತಿಸುವುದಕ್ಕಿಂತ ಒಂದೇ ಒಲೆಯಲ್ಲಿ ಒಂದಾದ ಮೇಲೊಂದು ಮಾಡಿದರೆ ಸೌದೆ ಉಳಿಯುತ್ತದೆ, ಹಸಿದವರು ಬೈಯುತ್ತಾರೆ.

ಹೊಸ ಪಾಳಿ ಗೋಡೆಗೆ ಹಚ್ಚಿದರು. ಆಳು ಕಡಿಮೆ. ಕಂಬದಲ್ಲಿ ಕೈ ಬದಲಾಯಿಸುವುದು ಇನ್ನಿಲ್ಲ. ಆತುರವೇ ಇಲ್ಲದ ಮೇಲೆ ಯಾಕೆ? ಯಾರು ಯಾರನ್ನು ಕೂರಿಸಿಕೊಂಡರೋ ಅವರೇ ಕೊನೆಯ ಬಾಗಿಲಿನ ತನಕ. ಗಾಳಿಗೆ ಬೆಳಗಿನ ಪಾಳಿ, ಮೆಲ್ಲಕ್ಕನಿಗೆ ಮಧ್ಯಾಹ್ನದ್ದು. ಒಬ್ಬಳು ಹೋಗುವಾಗ ಒಬ್ಬಳು ಬರುವುದು.

ಅಂದು ಮನೆಯಲ್ಲಿ ಗಂಡ ಹೇಳಿದ: "ಇನ್ನು ನಿಮ್ಮಿಬ್ಬರಿಗೆ ಆ ಮೂರು ಮಾತೂ ಇಲ್ಲ."

"ಒಳ್ಳೇದಾಯ್ತು. ಬಾಯಿಗೆ ವಿಶ್ರಾಂತಿ" ಅಂದಳು ಮೆಲ್ಲಕ್ಕ. ಆದರೆ ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಹೊಸ ವೇಳಾಪಟ್ಟಿಯ ಮೊದಲ ದಿನ ಗಾಳಿ ಎಡ ತೋಳಿನ ತುದಿಯಿಂದ ಒಬ್ಬ ಅಜ್ಜನನ್ನು ಕೂರಿಸಿಕೊಂಡು ಬಂದಳು. ಅವರು ಬಲ ತೋಳಿನ ತುದಿಗೆ ಹೋಗಬೇಕು. ಅವಳಿಗೆ ಹೊಸ ನಿಯಮ ಗೊತ್ತಿತ್ತು, ಹಿಂದಿನ ದಿನ ಅವಳೇ ಬೇರೆಯವರಿಗೆ ಓದಿ ಹೇಳಿದ್ದಳು. ಆದರೆ ಕಂಬ ಬಂತು, ಕಾಲು ತಾನಾಗಿ ಹೋಗಿ ಬ್ರೇಕು ಒತ್ತಿತು. ಕಣ್ಣು ತಾನಾಗಿ ನೆಲಕ್ಕೆ ಇಳಿಯಿತು. ಬಾಯಿ ತಾನಾಗಿ ಆಡಿತು. "ಎಡ ಪಾದ ಊದಿದೆ. ಕಿವಿ ಚೆನ್ನಾಗಿದೆ, ಕೂಗಬೇಡಿ. ಮೊಮ್ಮಗಳ ಹತ್ರ ಹೊರಟಿದಾರೆ." ಯಾರೋ ಕಂಬಕ್ಕೆ ಒಂದು ಖಾಲಿ ಕುರ್ಚಿ ಒರಗಿಸಿ ಹೋಗಿದ್ದರು. ಅದನ್ನು ಎಳೆದುಕೊಂಡು ತಿರುಗಿದಳು, ಹೋದಳು.

ಎದುರಿಗೆ ಯಾರೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆಗಲೇ ತಿಳಿಯುತ್ತಿತ್ತು. ಇವಳು ಇಷ್ಟು ವರ್ಷ ಒಂದು ಸಲವೂ ತಲೆ ಎತ್ತಿ ಅತ್ತಿಗೆಯ ಮುಖ ನೋಡಿದವಳಲ್ಲ. ಇದ್ದರೂ ಅಷ್ಟೇ ಕಾಣುತ್ತಿತ್ತು, ಇಲ್ಲದಿದ್ದರೂ ಅಷ್ಟೇ ಕಂಡಿತು.

ಅಜ್ಜ ಕಂಬದ ಹತ್ತಿರ ಕೂತರು. ಅತ್ತ ಅವರ ವಿಮಾನ ಹೋಯಿತು. ಮಧ್ಯಾಹ್ನದ ಪಾಳಿಗೆ ಬಂದ ಮೆಲ್ಲಕ್ಕ ಹಜಾರ ದಾಟುವಾಗ ನೋಡಿದಳು.

"ಯಾಕಜ್ಜ, ಇಲ್ಲಿ ಕೂತಿದೀರಿ? ಯಾರು ಕರ್ಕೊಂಡು ಬಂದ್ರು?"

"ಒಬ್ಬ ಹೆಣ್ಮಗಳಮ್ಮ. ಬಿರುಗಾಳಿ ಹಂಗೆ ತಳ್ಕೊಂಡು ಬಂದ್ಲು. ನನ್ನ ಪಾದ, ನನ್ನ ಕಿವಿ, ನನ್ನ ಮೊಮ್ಮಗಳು, ಎಲ್ಲಾ ಸರಿಯಾಗಿ ಒಪ್ಪಿಸಿ ಹೋದ್ಲು. ಯಾರಿಗೆ ಒಪ್ಪಿಸಿದ್ಲು ಅನ್ನೋದೇ ತಿಳೀಲಿಲ್ಲ. ಈ ಕಂಬಕ್ಕೇನೋ ಅಂತ ಕಾಯ್ತಾ ಇದೀನಿ, ಇದು ಅಲ್ಲಾಡ್ತಾನೂ ಇಲ್ಲ."

ಬಿರುಗಾಳಿ ಅಂದ ಕೂಡಲೇ ಮೆಲ್ಲಕ್ಕನಿಗೆ ಯಾರು ಅಂತ ತಿಳಿಯಿತು. ಪ್ರಯಾಣಿಕರನ್ನು ನಡುದಾರಿಯಲ್ಲಿ ಬಿಟ್ಟವರಿಗೆ ಅವತ್ತೇ ಕೆಲಸ ಹೋಗುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ನಾದಿನಿಯ ಮನೆಯಲ್ಲಿ ದುಡಿಯುವ ಕೈ ಅದೊಂದೇ.

"ನನಗೇ ಒಪ್ಪಿಸಿದ್ದು ಅಜ್ಜ. ನಾನು ಬರೋದು ಸ್ವಲ್ಪ ತಡ ಆಯ್ತು. ಎಡ ಪಾದ ತಾನೇ?" ಅಂತ ಬಗ್ಗಿ ಕಾಲುಮಣೆ ಸರಿಮಾಡಿದಳು.

ಹೊಸ ಲೆಕ್ಕದ ಒಂದು ಉಪಕಾರ ಅವತ್ತೇ ಕಂಡಿತು. ಹಳೆಯ ಹಾಗಿದ್ದರೆ ಮುಂದಿನ ನೆರೆಯ ತನಕ ಅಜ್ಜ ಕೂತಿರಬೇಕಿತ್ತು. ಈಗ ವಿಮಾನಗಳು ಹರಡಿಕೊಂಡಿದ್ದರಿಂದ ಅದೇ ಊರಿಗೆ ಇನ್ನೊಂದು ಬೇಗನೇ ಇತ್ತು. ಮೆಲ್ಲಕ್ಕ ಸೀಟು ಬದಲಾಯಿಸಿಕೊಡಿ ಅಂತ ಕೌಂಟರಿನಲ್ಲಿ ಕೇಳಿ, ಮೊಮ್ಮಗಳಿಗೆ ಫೋನು ಮಾಡಿಸಿ, ಅಜ್ಜನನ್ನು ತಾನೇ ಹತ್ತಿಸಿ ಬಂದಳು. ಆದರೆ ಸೀಟು ಬದಲಾದದ್ದು ಸೂಪರ್‌ವೈಸರಿಗೆ ಗೊತ್ತಾಗದೆ ಇರುತ್ತದೆಯೇ?

ಸಂಜೆ ಇಬ್ಬರನ್ನೂ ಕರೆಸಿದ. ಗಾಳಿ ಮನೆಯಿಂದ ಓಡಿ ಬಂದಳು.

"ಯಾರು ಬಿಟ್ಟಿದ್ದು ಅವರನ್ನ?" ಅಂದ ಸೂಪರ್‌ವೈಸರ್.

"ಬಿಟ್ಟಿಲ್ಲ ಸಾರ್. ನನಗೆ ಒಪ್ಪಿಸಿದಾಳೆ" ಅಂದಳು ಮೆಲ್ಲಕ್ಕ.

"ಆಗ ನೀವು ಮನೇಲಿದ್ರಿ. ನಿಮ್ಮ ಪಾಳಿ ಶುರುವಾಗಿರಲಿಲ್ಲ."

"ಹಳೇ ಪಾಳಿ ಪ್ರಕಾರ ಶುರುವಾಗಿತ್ತಲ್ಲ. ಹೊಸದು ಗೋಡೆಗೆ ಬಂದಿದೆ ಸಾರ್, ಕಾಲಿಗೆ ಇನ್ನೂ ಬಂದಿಲ್ಲ. ಅವಳ ಕಾಲು ಅಲ್ಲಿ ನಿಂತಿತು. ನಿಲ್ಲೋ ಹಾಗೆ ಮಾಡಿದ್ದು ನಾನು, ಆ ಪದ್ಧತಿ ನನ್ನದು. ತೆಗೆಯೋದಾದ್ರೆ ಇಬ್ಬರನ್ನೂ ತೆಗೀರಿ."

ಸೂಪರ್‌ವೈಸರ್ ಒಳ್ಳೆಯವನು, ಸುಸ್ತಾದವನು. ಇಬ್ಬರನ್ನೂ ತೆಗೆದರೆ ನಾಳೆ ತಳ್ಳುವವರು ಯಾರು ಅಂತ ಯೋಚಿಸಿರಬೇಕು. "ಈ ತಿಂಗಳು ಪೂರ್ತಿ ಮಧ್ಯಾಹ್ನದ ಪಾಳಿ ಮುಗಿದ ಮೇಲೆ ಇಬ್ಬರೂ ಇಲ್ಲಿದ್ದು ಖಾಲಿ ಕುರ್ಚಿ ಒಟ್ಟುಮಾಡಿ ಕಂಬದ ಹತ್ರ ಸಾಲಾಗಿ ನಿಲ್ಲಿಸಬೇಕು. ಒಟ್ಟಿಗೆ. ಹೋಗಿ" ಅಂದ.

ಕುರ್ಚಿ ಒಟ್ಟುಮಾಡುವ ಕೆಲಸ ಒಬ್ಬರಿಗೆ ಆಗದು. ಒಬ್ಬರು ಮಡಿಸಬೇಕು, ಒಬ್ಬರು ಹಿಡಿಯಬೇಕು. ಮೊದಲ ಸಂಜೆ ಇಬ್ಬರೂ ಮೂಕರ ಹಾಗೆ ಮಡಿಸಿದರು. ಎರಡನೆಯ ಸಂಜೆ ಗಾಳಿಯ ಕೈ ಒಂದು ಕುರ್ಚಿಯ ಸಂದಿಗೆ ಸಿಕ್ಕಿತು.

"ತೋರಿಸು" ಅಂದಳು ಮೆಲ್ಲಕ್ಕ. ನಲ್ಲಿಯ ಕೆಳಗೆ ಹಿಡಿದಳು. ನೀರು ಬಿದ್ದು ಬೆರಳು ತಣ್ಣಗಾದ ಮೇಲೂ ಗಾಳಿ ಕೈ ಎಳೆದುಕೊಳ್ಳಲಿಲ್ಲ.

"ನನಗೆ ಒಪ್ಪಿಸಿದಾಳೆ ಅಂತ ಯಾಕೆ ಹೇಳಿದ್ರಿ?"

"ಸುಳ್ಳಲ್ಲವಲ್ಲ. ನೀನು ಹೇಳಿದ್ದು ಇನ್ಯಾರಿಗೆ? ಕಂಬಕ್ಕಾ?"

ಗಾಳಿಗೆ ನಗು ಬಂತು. ಆಮೇಲೆ ನೀರನ್ನೇ ನೋಡುತ್ತಾ ಕೇಳಿದಳು: "ಆ ಮೂರು ಮಾತು. ಎಲ್ಲಿ ನೋವು, ಯಾವ ಕಡೆ ಹಿಡೀಬೇಕು. ಇಷ್ಟು ವರ್ಷ ದಿನಾ ಕೇಳಿದೀನಿ. ಪ್ರತಿ ಸಲಾನೂ ಅಮ್ಮನ ವಿಷಯಾನೇ ಹೇಳಿ ನನ್ನ ಚುಚ್ತಿದೀರಿ ಅನ್ಸೋದು. ಹೌದಾ?"

ಮೆಲ್ಲಕ್ಕ ನಲ್ಲಿ ನಿಲ್ಲಿಸಿದಳು. ಸುಳ್ಳು ಹೇಳಿ ಸಮಾಧಾನ ಮಾಡುವುದು ಅವಳಿಗೆ ಬರುತ್ತಿರಲಿಲ್ಲ.

"ಮೊದಮೊದಲು ಹೌದು. ಚುಚ್ಚಲಿ ಅಂತಾನೇ ಹೇಳ್ತಿದ್ದೆ. ಆಮೇಲೆ ಒಂದು ದಿನ ಯಾರೋ ಅಜ್ಜಿಗೆ ಭುಜ ನೋಯ್ತಿತ್ತು, ನಾನು ಹೇಳಿದ್ದಕ್ಕೆ ನೀನು ಬಗ್ಗಿ ಅವರ ತೋಳಿನ ಕೆಳಗೆ ನಿನ್ನ ಸ್ವೆಟರ್ ಮಡಿಸಿ ಇಟ್ಟೆ. ಅವತ್ತಿನಿಂದ ಬರೀ ಕುರ್ಚಿಲಿ ಕೂತೋರಿಗೋಸ್ಕರ ಹೇಳಿದೀನಿ."

"ನನಗೆ ಹೇಳ್ಲಿಲ್ಲವಲ್ಲ, ಬದಲಾಯ್ತು ಅಂತ."

"ನೀನು ತಲೆ ಎತ್ತಿದ್ರೆ ಗೊತ್ತಾಗ್ತಿತ್ತು."

ಗಾಳಿ ತಲೆ ಎತ್ತಿದಳು. ಅತ್ತಿಗೆಗೆ ಇಷ್ಟು ಕೂದಲು ಬೆಳ್ಳಗಾಗಿದೆ ಅನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಮಡಿಸಿದ ಕುರ್ಚಿಯೊಂದನ್ನು ಬಿಡಿಸಿ, ಅದರ ಹಿಂದೆ ನಿಂತು ಹಿಡಿ ಹಿಡಿದುಕೊಂಡಳು. ಯಾರೂ ಕೂತಿರಲಿಲ್ಲ. ಕಾಲಿನಿಂದ ಬ್ರೇಕು ಒತ್ತಿದಳು.

"ಅವತ್ತು ಬಾಗಿಲು ಹಾಕಬಾರದಿತ್ತು. ಕೇಳಿ ಕರ್ಕೊಂಡು ಹೋಗ್ಬೇಕಿತ್ತು. ಈಗ ಹೇಳ್ತೀನಿ ಅತ್ತಿಗೆ, ಕೇಳ್ಕೊಳ್ಳಿ. ಬಲಗೆನ್ನೇಲಿ ತುತ್ತು ನಿಲ್ತಿತ್ತು, ನನಗೆ ಗೊತ್ತಾಗೋಷ್ಟರಲ್ಲಿ ತಡವಾಗಿತ್ತು. ಇದು ನೋವಿಂದು. ಜೋರಾಗಿ ಮಾತಾಡಿದ್ರೆ ಅಳೋಳು, ಕೈ ಹಿಡ್ಕೊಂಡು ಹೇಳಿದ್ರೆ ಕೇಳೋಳು. ಇದು ಎರಡನೇದು." ಮೂರನೆಯದಕ್ಕೆ ಅವಳು ತಡವರಿಸಿದಳು. "ದಿನಾ ಸಂಜೆ ಬಾಗಿಲ ಕಡೆ ನೋಡೋಳು. ಅವಳ ಪಾಳಿ ಮುಗೀತಾ, ಅವಳ ಪಾಳಿ ಮುಗೀತಾ ಅಂತ. ನನ್ನ ಹೆಸರೂ ಹಿಡೀಲಿಲ್ಲ, ಅಣ್ಣನ ಹೆಸರೂ ಇಲ್ಲ. ನಾನು ನಿಮಗೆ ಹೇಳಿ ಕಳಿಸ್ಲಿಲ್ಲ. ಹೊಟ್ಟೆಕಿಚ್ಚು."

ಮೆಲ್ಲಕ್ಕ ಬಗ್ಗಿ ಖಾಲಿ ಕುರ್ಚಿಯ ಕಾಲುಮಣೆ ಸರಿಮಾಡಿದಳು.

"ನೀನೇನಂತ ಹೇಳ್ತಿದ್ದೆ ಅವರಿಗೆ?"

"ಇನ್ನೊಂದು ನೆರೆ ಇದೆಯಮ್ಮ, ಅದು ಇಳಿದ ತಕ್ಷಣ ಬರ್ತಾರೆ ಅಂತಿದ್ದೆ. ಹಾಗಂದ್ರೆ ಬಾಯಿ ತೆಗೆದು ಒಂದು ತುತ್ತು ತಿನ್ನೋಳು."

"ಸರಿಯಾಗೇ ಹೇಳಿದೀಯ" ಅಂದಳು ಮೆಲ್ಲಕ್ಕ. ಮುಂದೆ ಬಂದು ಕುರ್ಚಿಯ ಹಿಡಿಯನ್ನು ಅವಳ ಕೈಯಿಂದ ತಾನು ತೆಗೆದುಕೊಂಡಳು. ಕಾಲಿನಿಂದ ಬ್ರೇಕು ಬಿಟ್ಟಳು. ಮೆಲ್ಲಗೆ ತಳ್ಳಿಕೊಂಡು ಹೋಗಿ ಸಾಲಿನ ಕೊನೆಗೆ ನಿಲ್ಲಿಸಿದಳು.

ಮತ್ತೆ ಕೆಲವು ವರ್ಷಕ್ಕೆ ಜನ ಕಾದು ಕಾದು ಬೇರೆ ಕಂಪನಿಯ ವಿಮಾನ ಹತ್ತತೊಡಗಿದರು. ಮೇಲಿನವರು ಮೂರನೆಯ ಸಲ ಲೆಕ್ಕಕ್ಕೆ ಕೂತು ನೆರೆಯನ್ನೇ ವಾಪಸು ತಂದರು. ಮೊದಲಿಗಿಂತ ದೊಡ್ಡದು. ಕಂಬದಲ್ಲಿ ಕೈ ಬದಲಾಯಿಸುವುದು ಮತ್ತೆ ಶುರುವಾಯಿತು. ಹೊಸ ಹುಡುಗಿಯರು ಯಾರು ಹೇಳಿಕೊಟ್ಟದ್ದು ಅಂತ ತಿಳಿಯದೆಯೇ ಮೂರು ಮಾತು ಹೇಳುತ್ತಾರೆ. ಸೂಪರ್‌ವೈಸರನ ದೂರು ಒಂದೇ. ಎಲ್ಲರೂ ಮೂರು ಮಾತಿಗೆ ಮುಗಿಸುತ್ತಾರೆ, ಆ ಅತ್ತಿಗೆ ನಾದಿನಿ ಮಾತ್ರ ಮುಗಿಸುವುದಿಲ್ಲ. ಕುರ್ಚಿಯಲ್ಲಿ ಕೂತವರೂ ಸೇರಿಕೊಂಡು ಕತೆ ಕೇಳುತ್ತಾರೆ, ಹಿಂದೆ ಸಾಲು ನಿಲ್ಲುತ್ತದೆ.

"ಬಾಯಿಗೆ ವಿಶ್ರಾಂತಿ ಅಂದಿದ್ದೆಯಲ್ಲ ನೀನು" ಅಂತ ಗಂಡ ಕೆಣಕಿದರೆ, "ಕೊಟ್ಟಿದ್ದೆನಲ್ಲ, ಅಷ್ಟು ವರ್ಷ" ಅನ್ನುತ್ತಾಳೆ ಮೆಲ್ಲಕ್ಕ.